ಎಣ್ಣೆ ಹಾಕದ ದೀಪಗಳಿಗೆ ತರಬೇತಿ

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ತೆರೆಯುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಮುಡಿಸಿದ ಹೂ ಬಾಡಿರುವುದಿಲ್ಲ ಎಂಬುದು ಊರಿನ ನಂಬಿಕೆ. ಅಮ್ಮನ ಮಹಿಮೆ ಅಮ್ಮನಿಗಿರಲಿ. ನನ್ನ ತಕರಾರೇನಿದ್ದರೂ ಅದೇ ಲೆಕ್ಕವನ್ನು ಮೇಷ್ಟ್ರುಗಳಿಗೂ ಹಚ್ಚಿದವರ ಮೇಲೆ.

ನಾನು ಅತಿಥಿ ಉಪನ್ಯಾಸಕ. ತಿಥಿ ನೋಡದೆ ಬರುವವನು ಅತಿಥಿಯಂತೆ. ಹಾಗೆ ನೋಡಿದರೆ ನಿಜವಾದ ಅತಿಥಿ ನಾನಲ್ಲ, ನನ್ನ ಗೌರವಧನ. ನಾಲ್ಕು ತಿಂಗಳಿಂದ ಅದರ ಸುಳಿವಿಲ್ಲ. ನಮ್ಮ ಮುಖಗಳು ಬಾಡಿದ್ದು ಮೇಲಿನವರ ಕಣ್ಣಿಗೆ ಬಿದ್ದು, ಕೂಡಲೇ ಕ್ರಮ ಕೈಗೊಂಡರು: ಒಂದು ದಿನದ ಪ್ರೇರಣಾ ಶಿಬಿರ! ಬೆಂಗಳೂರಿನಿಂದ ಬಂದ ತರಬೇತುದಾರರಿಗೆ ಚೆಕ್ಕು ಬೆಳಿಗ್ಗೆಯೇ ಕೈಸೇರಿತ್ತು. ಅವರಲ್ಲಿ ಪ್ರೇರಣೆ ತುಂಬಿ ತುಳುಕುತ್ತಿತ್ತು.

ಪರದೆಯ ಮೇಲೆ ಮಾಸ್ಲೊ ಪಿರಮಿಡ್ ಮೂಡಿತು, ಮಾಸ್ಲೊ ಎಂಬ ಮನಶ್ಶಾಸ್ತ್ರಜ್ಞನ ಹೆಸರಿನ, ಮನುಷ್ಯನ ಅಗತ್ಯಗಳ ಮೆಟ್ಟಿಲು. ಬುಡದಲ್ಲಿ ಅನ್ನ, ನೀರು, ನಿದ್ದೆ. ಅದರ ಮೇಲೆ ಸುರಕ್ಷತೆ. ಆಮೇಲೆ ಪ್ರೀತಿ, ಮನ್ನಣೆ. ತುತ್ತತುದಿಯಲ್ಲಿ ಮನುಷ್ಯ ಪೂರ್ತಿ ಅರಳಿ ನಿಲ್ಲುವ ಸ್ಥಿತಿ. (1943ರ ಮಾಸ್ಲೊ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಅದು ಆಮೇಲೆ ಮ್ಯಾನೇಜ್‌ಮೆಂಟ್ ಮಂದಿ ಕಟ್ಟಿದ್ದು. ಎಲ್ಲರ ತಲೆಯ ಮೇಲೆ ಒಬ್ಬ ಕೂರದಿದ್ದರೆ ಅವರಿಗೆ ಸಮಾಧಾನವಿಲ್ಲ.)

"ಬುಡ ಬಿಡಿ, ನೇರ ತುದಿಗೆ ಹೋಗೋಣ" ಅಂದರು.

ಆಲೂರಿನಿಂದ ಬಂದಿದ್ದ ಗೆಳೆಯ ಎದ್ದು ನಿಂತ. "ಸಾರ್, ಎರಡನೇ ಮೆಟ್ಲಲ್ಲೇ ಕಾಡಾನೆ ನಿಂತಿದೆ. ದಾಟೋದ್ ಹೆಂಗೆ?"

"ನೆಗೆಟಿವ್ ಯೋಚನೆ ಬೇಡ" ಅಂದರು. ಈ ಮಾತನ್ನು ಆನೆಗೂ ಯಾರಾದರೂ ಹೇಳಬೇಕಿತ್ತು.

ಆಮೇಲೆ ಎಡ್ವರ್ಡ್ ಡೆಸಿ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞನ ಸರದಿ. 1971ರಲ್ಲಿ ಪ್ರಕಟವಾದ ಪ್ರಯೋಗ. ತುಂಡು ಜೋಡಿಸುವ ಒಗಟನ್ನು ಖುಷಿಗೆ ಬಿಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಬಿಡಿಸಿದ್ದಕ್ಕೆಲ್ಲ ಡಾಲರ್ ಕೊಟ್ಟು, ಆಮೇಲೆ ನಿಲ್ಲಿಸಿದರೆ, ಆಟದ ಮೇಲಿನ ಆಸಕ್ತಿಯೇ ಇಳಿಯಿತಂತೆ. ನನಗೆ ತಟ್ಟನೆ ಜ್ಞಾನೋದಯವಾಯಿತು. ಗೌರವಧನ ತಡೆದದ್ದು ನಿರ್ಲಕ್ಷ್ಯದಿಂದಲ್ಲ, ವಿಜ್ಞಾನದಿಂದ! ದುಡ್ಡಿನ ಗಾಳಿ ಸೋಕಿ ನಮ್ಮ ಪಾಠದ ಪ್ರೀತಿ ಕೆಟ್ಟೀತು ಎಂಬ ಕಾಳಜಿ. ಡೆಸಿಯ ಹುಡುಗರು ಒಗಟು ಬಿಡಿಸಿ ಮನೆ ಬಾಡಿಗೆ ಕಟ್ಟುತ್ತಿರಲಿಲ್ಲ ಎಂಬುದು ಸಣ್ಣ ವಿಷಯ. ನಮ್ಮ ಮನೆ ಓನರಿಗೆ ಈ ಸಂಶೋಧನೆ ವಿವರಿಸಿದೆ. ಅವರಿಗೆ ಮನಶ್ಶಾಸ್ತ್ರದಲ್ಲಿ ಆಸಕ್ತಿಯಿಲ್ಲ.

ಮಧ್ಯಾಹ್ನ, ಪೆನ್ನನ್ನು ಹಲ್ಲಲ್ಲಿ ಕಚ್ಚಿ ಹಿಡಿಯಿರಿ ಅಂದರು. ಮುಖ ನಕ್ಕರೆ ಮನಸ್ಸೂ ನಗುತ್ತದೆ ಎಂಬುದಕ್ಕೆ 1988ರ ಪ್ರಯೋಗ ಸಾಕ್ಷಿಯಂತೆ. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ ಎಂದು ಹೇಳಬೇಕೆಂದಿದ್ದೆ, ಬಾಯಲ್ಲಿ ಪೆನ್ನಿತ್ತು. ನಲವತ್ತು ಜನ ಎಂ.ಎ., ಎಂ.ಎಸ್ಸಿ. ಓದಿದವರು ಹಲ್ಲು ಕಿರಿದು ಕೂತಿದ್ದೆವು.

ಆಗ ನಾಲ್ಕೈದು ಫೋನುಗಳು ಒಟ್ಟಿಗೆ ಟಿಣ್ ಅಂದವು. ಪೆನ್ನುಗಳು ಉದುರಿದವು. ಯಾರೋ "ಬಂತಾ?" ಅಂದರು. ಸಭಾಂಗಣದ ಮುಖಗಳೆಲ್ಲ ಅರಳಿದವು. ನಿಜವಾದ ನಗು, ಪೆನ್ನಿಲ್ಲದ ನಗು. ತರಬೇತುದಾರರು ಧನ್ಯರಾಗಿ ಕ್ಯಾಮೆರಾದವನಿಗೆ ಸನ್ನೆ ಮಾಡಿದರು.

ಆಲೂರಿನ ಗೆಳೆಯ ಕನ್ನಡಕ ಏರಿಸಿ ಮೆಸೇಜು ಓದಿದ.

"ಅರಣ್ಯ ಇಲಾಖೆದು ಕಣ್ರೋ. ಆನೆ ನಮ್ ತೋಟದ ಕಡೆ ಬಂದೈತಂತೆ."