ಬಂತು ಅಂದರೆ ಏನು ಬಂತು?

ನನ್ನ ಬಲಗೈ ಇನ್ನೂ ಡೀಸೆಲ್ ನಾತ ಹೊಡೆಯುತ್ತಿದೆ. ಪಾತ್ರೆ ಸೋಪು ಹಾಕಿದೆ, ನಿಂಬೆಹಣ್ಣು ಉಜ್ಜಿದೆ, ಹೆಂಡತಿಯ ಮಾತು ಕೇಳಿ ಕಡ್ಲೆಹಿಟ್ಟನ್ನೂ ಹಚ್ಚಿ ತಿಕ್ಕಿದೆ. ಈಗ ಡೀಸೆಲ್ಲಿನಲ್ಲಿ ಕರಿದ ಬಜ್ಜಿಯ ವಾಸನೆ. ನಿನ್ನೆ ರಾತ್ರಿ ನಾನು ಮುದ್ದೆ ಮುರಿಯುತ್ತಿದ್ದಂತೆ ಮಗಳು ತನ್ನ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದಳು.

ಆಗಿದ್ದಿಷ್ಟು. ಪುನರ್ವಸು ಮಳೆ ಚೆನ್ನಾಗಿ ಬಿದ್ದಿತ್ತು. ತಿಪಟೂರು ಸೀಮೆಯ ನಮಗೆ ರಾಗಿ ಬಿತ್ತೋಕೆ ಅಂಥ ಹದ ಸಿಗುವುದು ಎರಡು ದಿನ, ಹೆಚ್ಚೆಂದರೆ ಮೂರು. ಊರಿನ ಟ್ರ್ಯಾಕ್ಟರುಗಳೆಲ್ಲ ಒಟ್ಟಿಗೆ ಗುಡುಗುತ್ತಿರುವಾಗ ನಮ್ಮ ಮಿನಿ ಟ್ರ್ಯಾಕ್ಟರು ಹೊಲದ ನಟ್ಟನಡುವೆ ಎರಡು ಸಲ ಕೆಮ್ಮಿ, ಒಂದು ಸಲ ಬಿಕ್ಕಿ, ಸುಮ್ಮನಾಯಿತು. ರೋಟವೇಟರ್ ಮಣ್ಣಲ್ಲಿ ಹಲ್ಲು ಕಚ್ಚಿಕೊಂಡು ನಿಂತಿತು.

"ಚಿಕ್ಕಪ್ಪ, ಬೆಳಗ್ಗೆ ಡೀಸೆಲ್ ಐತೆ ಅಂದ್ಯಲ್ಲ?"

"ಐತಲ್ಲ."

"ಎಲ್ಲೈತೆ?"

"ಮನೇಲಿ. ಕ್ಯಾನಲ್ಲಿ."

ಇಲ್ಲಿ ಚಿಕ್ಕಪ್ಪನ ವಿಷಯ ಸ್ವಲ್ಪ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅರವತ್ತೆಂಟು ವರ್ಷದ ಈ ಮನುಷ್ಯ ಕರ್ತೃಪದ ಬಳಸಿದ್ದನ್ನು ನಾನು ಕೇಳಿಲ್ಲ. ಕನ್ನಡ ಉದಾರಿ. ಕರ್ತೃ ಮನೆಯಲ್ಲಿ ಮಲಗಿದ್ದರೂ ಕ್ರಿಯಾಪದವೇ ಎಲ್ಲ ಹೊತ್ತುಕೊಂಡು ಹೋಗುತ್ತದೆ. ಚಿಕ್ಕಪ್ಪ ಆ ಉದಾರತನವನ್ನು ಸುಲಿದು ತಿಂದಿದ್ದಾನೆ. "ಬಂದಿದ್ರು. ಕೇಳಿದ್ರು. ಇಲ್ಲ ಅಂದೆ. ಹೋದ್ರು." ಯಾರು, ಏನು ಕೇಳಿದರು, ಏನು ಇಲ್ಲ? ಅದು ನಮ್ಮ ತಲೆನೋವು. ಹೋದ ವರ್ಷ ನಡುರಾತ್ರಿ ಫೋನ್ ಮಾಡಿ "ಆಯ್ತು ಕಣ್ಲ, ಹೆಣ್ಣು" ಅಂದು ಕಟ್ ಮಾಡಿದ. ಅವನ ಮಗಳು ತುಮಕೂರಿನಲ್ಲಿ ತುಂಬು ಬಸುರಿ. ಸಂತೋಷ ತಡೆಯಲಾರದೆ ಆಗಲೇ ಅವಳಿಗೆ ಫೋನ್ ಮಾಡಿದೆ. "ಇನ್ನೂ ಹದಿನೈದು ದಿನ ಐತೆ ಅಣ್ಣ" ಅಂದಳು ನಿದ್ದೆಗಣ್ಣಲ್ಲಿ. ಈದಿದ್ದು ಕೊಟ್ಟಿಗೆಯ ಹಸು.

ಇಂಥವನನ್ನು ಕಟ್ಟಿಕೊಂಡು ನಾನು ನಿನ್ನೆ ಏರ್ ತೆಗೆಯಬೇಕಾಯಿತು.

ಟ್ಯಾಂಕು ಒಣಗಿದರೆ ಡೀಸೆಲ್ ಜಾಗದಲ್ಲಿ ಗಾಳಿ ಹೋಗಿ ಕೂರುತ್ತದೆ. ಆಮೇಲೆ ಕ್ಯಾನ್‌ಗಟ್ಟಲೆ ಸುರಿದರೂ ಅದು ಜಾಗ ಬಿಡುವುದಿಲ್ಲ, ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತವರ ಹಾಗೆ. ಎಂಜಿನ್ನಿನ ಡೀಸೆಲ್ ಪಂಪು ಹನಿ ಡೀಸೆಲ್ಲನ್ನು ಹಿಂಡಿ, ಅದನ್ನು ಎಂಜಿನ್ನೊಳಗೆ ಚಿಮ್ಮಿಸುವ ನಾಝಲ್ ಬಾಯಿ ತೆರೆಸಬೇಕು, ಅದಕ್ಕೆ ಚದರ ಸೆಂಟಿಮೀಟರಿಗೆ ಹೆಚ್ಚು ಕಡಿಮೆ 200 ಕೆ.ಜಿ. ಒತ್ತಡ ಬೇಕು. ಡೀಸೆಲ್ ಹಿಂಡಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪು ಹಿಂಡುತ್ತದೆ, ಗುಳ್ಳೆ ಕುಗ್ಗುತ್ತದೆ, ಬಿಡುತ್ತದೆ, ಹಿಗ್ಗುತ್ತದೆ. ನಾಝಲ್‌ಗೆ ಸುದ್ದಿಯೇ ತಲುಪುವುದಿಲ್ಲ. ಒಂದೊಂದು ಉಸಿರಿಗೆ ಲೋಟಗಟ್ಟಲೆ ಗಾಳಿ ಎಳೆದುಕೊಂಡು ಬದುಕುವ ಯಂತ್ರ ಕಡ್ಲೆಬೇಳೆಯಷ್ಟು ಗಾಳಿಗೆ ಸಾಯುತ್ತದೆ! ಇದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಯಾಕೆ ಅಂತ ಇವತ್ತಿಗೂ ಚರ್ಚೆ ಮಾಡುತ್ತಾರಂತೆ. ಹೊಲದ ನಡುವೆ ನಿಂತಿದ್ದ ನನಗೆ ಚರ್ಚೆಗೆ ಏನೂ ಉಳಿದಿಲ್ಲ ಅನ್ನಿಸಿತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ದಾರೀಲಿದೀನಿ ಅಣ್ಣ" ಅಂದ. ಹಿಂದೆ ಕುಕ್ಕರ್ ಕೂಗಿತು.

ಸರಿ, ನಾವೇ ಇಳಿದೆವು. ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲ ಮಾಡಿ, ಕೆಳಗಿನ ಕೈಪಂಪನ್ನು ಒತ್ತುತ್ತಾ ಹೋಗಬೇಕು. ಮೊದಲು ಗಾಳಿ, ಆಮೇಲೆ ನೊರೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಆ ಗಳಿಗೆಗೆ ಸರಿಯಾಗಿ ಸ್ಕ್ರೂ ಬಿಗಿಯಬೇಕು. ನಮ್ಮ ಗಾಡಿಯಲ್ಲಿ ಪಂಪು ಈ ಮಗ್ಗುಲು, ಸ್ಕ್ರೂ ಆ ಮಗ್ಗುಲು. ಬಾನೆಟ್ಟನ್ನು ತಬ್ಬಿಕೊಂಡು ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಸ್ಪ್ಯಾನರ್ ಹಿಡಿದೆ. ಕೈ ಎರಡೂ ನನ್ನವು, ಕಣ್ಣು ಚಿಕ್ಕಪ್ಪನದು.

"ಬಂತು, ಬಂತು!"

ಬಿಗಿದೆ. ಹತ್ತಿ ಸೆಲ್ಫ್ ಹೊಡೆದೆ. ಗರ್ ಗರ್ ಗರ್. ಹೊಗೆಯೂ ಇಲ್ಲ.

"ಏನ್ ಬಂತು ಚಿಕ್ಕಪ್ಪ?"

"ಗಾಳಿ."

"ಗಾಳಿ ಬಂದ್ರೆ ಬಂತು ಅನ್ಬೇಡ. ಡೀಸೆಲ್ ಬಂದ್ರೆ ಅನ್ನು."

ತಲೆಯಾಡಿಸಿದ. ಮತ್ತೆ ತಬ್ಬಿಕೊಂಡೆ.

"ಬಂತು!"

"ಡೀಸೆಲ್ಲಾ?"

"ಅದೂ ಬಂತು."

ಮೂರನೇ ಸಲ ನಾನೇ ಬುದ್ಧಿವಂತಿಕೆ ಮಾಡಿದೆ. ಬರೋದು ಬೇಡ, ಹೋಗೋದು ನೋಡು, ಗಾಳಿ ಹೋದ ತಕ್ಷಣ ಹೋಯ್ತು ಅನ್ನು ಅಂದೆ. ಐದು ನಿಮಿಷ ಒತ್ತಿದೆ. ಹೆಬ್ಬೆರಳು ಸೋತು ಜೋಮು ಹಿಡಿಯಿತು.

"ಹೋಯ್ತು!"

ಸರ್ರನೆ ಬಿಗಿದೆ. "ಪೂರ್ತಿ ಹೋಯ್ತಾ?"

"ಹೂಂ. ಕರೆಂಟು. ಪಂಪ್‌ಸೆಟ್ ನಿಂತೋಯ್ತು ನೋಡು."

ಕರ್ತೃಪದ ಬಂದೇಬಿಟ್ಟಿತ್ತು! ಯಾವಾಗ ಬೇಕೋ ಆವಾಗ ಅಲ್ಲ, ಅಷ್ಟೇ.

ನಾಲ್ಕನೇ ಸಲ ಮಾತೇ ಬೇಡ, ಸುಮ್ಮನೆ ಕೈಯೆತ್ತು ಅಂದೆ. ಕೈಯೆತ್ತಿದ. ಬಿಗಿದು ತಲೆಯೆತ್ತಿ ನೋಡಿದರೆ ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದವರು ಯಾರೋ ತಾವೂ ಕೈಯೆತ್ತಿ ನಮಸ್ಕಾರ ಮಾಡಿ ಹೋದರು. ಅಷ್ಟರಲ್ಲಿ ಬ್ಯಾಟರಿಯ ದನಿಯೂ ಇಳಿದಿತ್ತು. ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ಹೊಡೆದರೆ ಸ್ವಲ್ಪ ಹೊತ್ತು ಬಿಡಬೇಕು ಅನ್ನುವುದು ನನಗೂ ಗೊತ್ತು. ಸಿಟ್ಟಿಗೆ ಗೊತ್ತಿರಲಿಲ್ಲ.

ಕೊನೆಗೆ ಚಿಕ್ಕಪ್ಪನ ಕೈಗೆ ಪಂಪು ಕೊಟ್ಟು ನಾನೇ ಸ್ಕ್ರೂ ಇದ್ದ ಮಗ್ಗುಲಿಗೆ ಬಂದು ಕುಕ್ಕರುಗಾಲಲ್ಲಿ ಕೂತೆ. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಅಂತ ಕೇಳಬೇಡಿ. ಸ್ಕ್ರೂ ಬುಡದಲ್ಲಿ ಬೆಳ್ಳಗೆ ನೊರೆ ಉಕ್ಕಿತು. ಅಂಬಲಿ ಕುದಿಯುವಾಗ ಪುಸಕ್ ಪುಸಕ್ ಅನ್ನುತ್ತದಲ್ಲ, ಹಾಗೆ ಉಗುಳಿತು. ಆಮೇಲೆ ತೆಳ್ಳಗೆ, ಎಳ್ಳೆಣ್ಣೆಯ ಎಳೆ ಇಳಿದ ಹಾಗೆ, ಒಂದೂ ಗುಳ್ಳೆಯಿಲ್ಲದೆ ನನ್ನ ಅಂಗೈ ಮೇಲೆ ಹರಿದು ತೋಳಿನೊಳಗೆ ಹೋಯಿತು. ಬಿಗಿದೆ. ಡೀಸೆಲ್ ಪಂಪಿನ ಸ್ಕ್ರೂ ಸಹ ಹಾಗೇ ಮಾಡಿ, ಮೂರೂ ನಾಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ ದೂರ ನಿಂತೆ. ಅಲ್ಲಿ ಮಾತ್ರ ಕೈಯೊಡ್ಡಬಾರದು, ಆ ಒತ್ತಡಕ್ಕೆ ಡೀಸೆಲ್ ಚರ್ಮವನ್ನೇ ತೂರಿಕೊಂಡು ಹೋಗುತ್ತದೆ. ಚಿಕ್ಕಪ್ಪ ಸೆಲ್ಫ್ ಹೊಡೆದ. ಒಂದು ನಟ್ ಬಿಗಿದಾಗ ಎಂಜಿನ್ ಕುಂಟೋಬಿಲ್ಲೆ ಆಡಿತು, ಎರಡಕ್ಕೆ ತಡವರಿಸಿತು, ಮೂರಕ್ಕೆ ಗುಡುಗಿತು.

ಇಪ್ಪತ್ತು ನಿಮಿಷ. ಮತ್ತೆ ಕೆಮ್ಮು, ಬಿಕ್ಕು. ಈ ಸಲ ಟ್ಯಾಂಕ್ ತುಂಬಿತ್ತು!

ಎಲ್ಲೂ ತೊಟ್ಟು ಡೀಸೆಲ್ ಸೋರಿಲ್ಲ, ಆದರೂ ಗಾಳಿ. ಟ್ಯಾಂಕಿನಿಂದ ಬರುವ ಪೈಪಿನ ಕಳ್ಳತನವೇ ಹಾಗೆ. ಅಲ್ಲಿ ಎಂಜಿನ್ ಎಳೆದುಕೊಳ್ಳುತ್ತಿರುತ್ತದೆ, ಸೀಳಿದ್ದರೆ ಡೀಸೆಲ್ ಹೊರಗೆ ಬರಲೇಬೇಕೆಂದಿಲ್ಲ, ಗಾಳಿ ಒಳಗೆ ಹೋದರೂ ಆಯಿತು. ಗಾರೆಯವರ ಲೆವೆಲ್ ಪೈಪಿನ ತುಂಡೊಂದನ್ನು ನಡುವೆ ಸೇರಿಸಿ ನೋಡಿದೆ. ಒಳಗೆ ಗುಳ್ಳೆಗಳು ಪ್ರಭಾತಫೇರಿ ಹೊರಟಿದ್ದವು. ಟ್ಯಾಂಕಿನ ಬಳಿ, ಕ್ಲಿಪ್ಪಿನ ಅಡಿಯಲ್ಲಿ, ರಬ್ಬರ್ ಪೈಪಿಗೆ ಕೂದಲೆಳೆಯಷ್ಟು ಸೀಳು.

"ಹೇಳಿದ್ದೆ" ಅಂದ ಚಿಕ್ಕಪ್ಪ.

"ಏನ್ ಹೇಳಿದ್ದೆ?"

"ಸೀಳೈತೆ ಅಂತ. ಹೋದ ವಾರ."

ಹೇಳಿದ್ದ, ನಿಜ. "ಸೀಳೈತೆ ಕಣ್ಲ, ಹೊಸದು ತತ್ತಾ" ಅಂದಿದ್ದ. ನಾನು ತಿಪಟೂರಿನಿಂದ ಹೊಸ ಪಂಚೆ ತಂದುಕೊಟ್ಟಿದ್ದೆ. ಅದನ್ನೇ ಉಟ್ಟು ನಿಂತಿದ್ದ.

ಅಪ್ಪ ಇದ್ದಾಗ ಈ ತಾಪತ್ರಯ ಇರಲಿಲ್ಲ. ಅಪ್ಪ ಬಾನೆಟ್ ಮೇಲೆ ಹೀಗೇ ಬೋರಲು ಬಿದ್ದಿರುತ್ತಿದ್ದ, ಚಿಕ್ಕಪ್ಪ ಹೀಗೇ ಪಕ್ಕದಲ್ಲಿ. "ಬಂತಾ?" "ಬಂತು." "ಹೂಂ." ಅಪ್ಪ ತಲೆ ಎತ್ತದೆಯೇ ಬಿಗಿಯುತ್ತಿದ್ದ. ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತಿತ್ತು. ಯಾವ "ಬಂತು" ಗಾಳಿಯದು, ಯಾವುದು ಡೀಸೆಲ್ಲಿನದು ಅಂತ ದನಿಯಲ್ಲೇ ತಿಳಿಯುತ್ತಿತ್ತೇನೋ. ಅಪ್ಪ ಹೋಗಿ ಮೂರು ವರ್ಷವಾಯಿತು. ಚಿಕ್ಕಪ್ಪ ಇನ್ನೂ ಅದೇ ಅರ್ಧ ವಾಕ್ಯ ಹೇಳುತ್ತಾನೆ, ಹೇಳಿ ಒಂದು ಗಳಿಗೆ ಕಾಯುತ್ತಾನೆ.

ಪೈಪಿನ ತುದಿ ಒಂದಿಂಚು ಕತ್ತರಿಸಿ, ಒಳಕ್ಕೆ ನೂಕಿ, ಕ್ಲಿಪ್ ಬಿಗಿದೆ. ಕತ್ತಲಾಗುವವರೆಗೂ ಓಡಿತು. ಅರ್ಧ ಎಕರೆ ಉಳಿಯಿತು. ಇವತ್ತು ಬೆಳಗ್ಗೆ ಎದ್ದರೆ ಸೋನೆ. "ನಿಂತ ತಕ್ಷಣ ಶುರು ಮಾಡ್ತೀನಿ" ಅಂದು ಚಿಕ್ಕಪ್ಪ ಒಬ್ಬನೇ ಟ್ರ್ಯಾಕ್ಟರ್ ಹೊಡೆದುಕೊಂಡು ಹೊಲಕ್ಕೆ ಹೋದ. ಹೊಲ ಊರಾಚೆ, ಇಲ್ಲಿಂದ ಕೂಗಳತೆ.

ಈಗಷ್ಟೇ ಫೋನ್ ಬಂತು.

"ನಿಂತೋಯ್ತು ಕಣ್ಲ. ಬಾ."

ಕಟ್.

ಎದ್ದು ಕಿಟಕಿ ತೆಗೆದು ನೋಡಿದೆ. ಸೋನೆ ಸುರಿಯುತ್ತಲೇ ಇತ್ತು.