ಇಬ್ಬಲೂರಿನ ದಾರಿಗೆ ಬುತ್ತಿ

ವಿದೇಶದಲ್ಲಿರುವ ಗೆಳೆಯನೊಬ್ಬ ಒಂದು ಪಟ್ಟಿ ಕಳಿಸಿದ. ಆಪತ್ತಿಗೆ ಅಂತ ಕಾರಿನಲ್ಲಿ ಸದಾ ಇರಬೇಕಾದ ಸಾಮಾನುಗಳಂತೆ. ಕಂಬಳಿ, ಟಾರ್ಚು, ಮೂರು ದಿನಕ್ಕಾಗುವಷ್ಟು ನೀರು, ಒಣ ತಿಂಡಿ, ಹಿಮ ಬಾಚುವ ಸಲಿಕೆ. ಹಿಮದಲ್ಲಿ ಗಾಡಿ ಸಿಕ್ಕಿಕೊಂಡರೆ ಯಾರಾದರೂ ಬರುವ ತನಕ ಜೀವ ಹಿಡಿದಿರಬೇಕಲ್ಲ, ಅದಕ್ಕೆ. ಪಾಪ, ಅವನು ವರ್ಷಕ್ಕೊಮ್ಮೆ ಸಿಕ್ಕಿಕೊಳ್ಳಬಹುದು. ನಾನು ದಿನಾ ಸಂಜೆ ಆರಕ್ಕೆ, ಬೆಂಗಳೂರಿನ ಇಬ್ಬಲೂರು ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ.

ಪಟ್ಟಿಯಿಂದ ಸಲಿಕೆಯನ್ನೂ ತೆಗೆದಿಲ್ಲ. ಗುಂಡಿಗೆ ನಾವೇ ಮಣ್ಣು ಹಾಕಿಕೊಳ್ಳಬಹುದು, ಅಲ್ವಾ? 2025ರಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಬಿದ್ದ ಗುಂಡಿ ಯಾರ ಪಾಲಿನದು ಅಂತ ತಿಳಿಯಲು ಒಂದು ನಕ್ಷೆಯನ್ನೂ ಸೇರಿಸಿದ್ದೇನೆ.

2022ರ ಸೆಪ್ಟೆಂಬರ್ ನೆನಪಿದೆಯಾ? ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಬಂಗಲೆಗಳಿಂದ ಜನ ದೋಣಿಯಲ್ಲಿ ಹೊರಬಂದರು. ಲ್ಯಾಪ್‌ಟಾಪ್ ಚೀಲ ಎದೆಗೆ ಅಪ್ಪಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅಂದಿನಿಂದ ನನ್ನ ಡ್ಯಾಶ್‌ಬೋರ್ಡಿನಲ್ಲಿ ಟ್ರ್ಯಾಕ್ಟರ್ ಓನರ್ ಒಬ್ಬರ ನಂಬರು ಇದೆ. 112ಕ್ಕಿಂತ ಮೇಲೆ ಬರೆದಿದ್ದೇನೆ.

ಗಾಜು ಒಡೆಯುವ ಸುತ್ತಿಗೆಯನ್ನೂ ಕೊಂಡೆ. ಇದು ತಮಾಷೆಯ ಮಾತಲ್ಲ. ಅಂಡರ್‌ಪಾಸಿನಲ್ಲಿ ನೀರು ಏರಿ ಬಾಗಿಲು ತೆರೆಯದಿದ್ದರೆ ಅದೇ ಗತಿ. ಮುಂದಿನ ಗಾಜಿಗೆ ಹೊಡೆದರೆ ಬಿರುಕು ಬಿಡುತ್ತದೆ ಅಷ್ಟೇ, ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ. ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಬೇಕು. ಇಷ್ಟೆಲ್ಲ ತಿಳಿದುಕೊಂಡ ನಾನು ಸುತ್ತಿಗೆಯನ್ನು ಎಲ್ಲಿಟ್ಟಿದ್ದೆ ಗೊತ್ತಾ? ಡಿಕ್ಕಿಯಲ್ಲಿ. ಅಂದರೆ ಮುಳುಗುವಾಗ ಹೊರಗಿಳಿದು, ಡಿಕ್ಕಿ ತೆಗೆದು, ಸುತ್ತಿಗೆ ತಂದು, ಮತ್ತೆ ಒಳಗೆ ಕೂತು ಗಾಜು ಒಡೆದು ಹೊರಗೆ ಬರುವುದು. ಈ ಊರಿಗೆ ಅಂಡರ್‌ಪಾಸ್ ಯೋಜಿಸುವವರು ನನ್ನನ್ನು ಕರೆದು ಕೆಲಸ ಕೊಡಬೇಕಿತ್ತು.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಶೋರೂಮಿನವರು ಕೊಟ್ಟದ್ದೇ ಇದೆ, ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಇನ್ನೊಂದು ಖಾಲಿ ಬಾಟಲಿ. ಅದು ಯಾಕೆ ಅಂತ ಹೆಬ್ಬಾಳ ಫ್ಲೈಓವರ್ ಮೇಲೆ ಒಂದು ಗಂಟೆ ನಿಂತವರು ಕೇಳುವುದಿಲ್ಲ.

ಟಾಮ್‌ಟಾಮ್ ಎಂಬ ಕಂಪನಿಯ 2022ರ ಲೆಕ್ಕದಲ್ಲಿ, ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕು. ಆ 10 ಸೆಕೆಂಡನ್ನು ನಾನು ಒಪ್ಪುತ್ತೇನೆ.

ಮೊನ್ನೆ ಮಾವ ತುಮಕೂರಿನಲ್ಲಿ ಬಸ್ಸು ಹತ್ತಿದ್ದು, ನಾನು ಆಫೀಸು ಬಿಟ್ಟದ್ದು ಒಂದೇ ಹೊತ್ತಿಗೆ. ಅವರದು ಸುಮಾರು 70 ಕಿಲೋಮೀಟರ್, ನನ್ನದು 20. ನಮ್ಮ ಮನೆಯಿಂದಲೇ ಫೋನ್ ಮಾಡಿದರು.

"ಅಳಿಯಂದ್ರೇ, ಎಲ್ಲಿದ್ದೀರಿ?"

"ಇಬ್ಬಲೂರು, ಮಾವ."

"ನಾನು ನೆಲಮಂಗಲದಲ್ಲಿ ಕೇಳಿದಾಗ್ಲೂ ಅಲ್ಲೇ ಇದ್ರಲ್ಲ?"

ಫೋನ್ ಇಟ್ಟು ಪುಳಿಯೋಗರೆ ಡಬ್ಬಿ ತೆರೆದೆ. ಯಾರೋ ಗಾಜು ತಟ್ಟಿದರು. ಪಕ್ಕದ ಕಾರಿನವರು, ಕೈಯಲ್ಲಿ ಕವರು.

"ಸಾರ್, ಒಂದು ಬಾಟಲಿ ನೀರಿದ್ಯಾ? ಕೋಡುಬಳೆ ನಮ್ಮ ಹತ್ರ ಜಾಸ್ತಿ ಇದೆ."