ಮನೆ ತುಂಬ ಲೆಕ್ಕದ ಮೇಷ್ಟ್ರು

ಮಗು ಕಥೆ ಪುಸ್ತಕ ತೆಗೆದರೆ ಮನೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಲೆಕ್ಕದ ಪುಸ್ತಕ ತೆಗೆಯಲಿ, ಆಗ ನೋಡಬೇಕು. ಅಜ್ಜ ಕನ್ನಡಕ ಹುಡುಕಲು ಶುರು ಮಾಡುತ್ತಾರೆ. ನಮ್ಮ ಯಜಮಾನರು ಟೀವಿ ಸದ್ದು ಕಡಿಮೆ ಮಾಡುತ್ತಾರೆ. ನಾನು ಕರೆದಾಗ ಆ ಟೀವಿ ಎಂದೂ ಸದ್ದು ತಗ್ಗಿಸಿದ್ದಿಲ್ಲ, ಇರಲಿ. ನನ್ನ ತಮ್ಮನೂ ಮನೆಗೆ ಬಂದಿದ್ದರಂತೂ ಮುಗಿಯಿತು.

ಅವತ್ತು ಬಂದಿದ್ದ. 42ರಲ್ಲಿ 17 ಕಳೆಯುವ ಲೆಕ್ಕ. ಮಗಳು ನಾಲಿಗೆ ತುದಿ ಹೊರಗೆ ಹಾಕಿ, ಪೆನ್ಸಿಲ್ ಒತ್ತಿ ಒತ್ತಿ 35 ಅಂತ ಬರೆದಳು. "ತಪ್ಪು!" ಅಂತ ಮೂರು ದಿಕ್ಕಿನಿಂದ ಒಟ್ಟಿಗೆ ಕೇಳಿತು. ಬೇರೆ ಯಾವ ವಿಷಯದಲ್ಲೂ ಈ ಮೂವರು ಒಮ್ಮತಕ್ಕೆ ಬಂದಿದ್ದನ್ನು ನಾನು ಕಂಡಿಲ್ಲ.

ಮೊದಲು ಅಪ್ಪನ ಸರದಿ. "ನೋಡು ಪುಟ್ಟಿ, 2ರಲ್ಲಿ 7 ಹೋಗಲ್ಲ. ಪಕ್ಕದ 4ರ ಹತ್ತಿರ ಒಂದು ಸಾಲ ತಗೋ. ಇದು 12 ಆಯ್ತು, ಅದು 3 ಆಯ್ತು."

"ಸಾಲ ವಾಪಸ್ ಯಾವಾಗ ಕೊಡ್ತಾರೆ ಅಪ್ಪಾ?"

"ಕೊಡಲ್ಲ."

"ಯಾಕೆ?"

ಯಜಮಾನರು ಗಡ್ಡ ಕೆರೆದುಕೊಂಡರು. ಅಜ್ಜನಿಗೆ ಅಷ್ಟೇ ಬೇಕಿತ್ತು. "ಎಂಥ ಪಾಠ ಹೇಳಿಕೊಡ್ತಿದ್ದೀಯೋ! ಸಾಲ ತಗೊಂಡ ಮೇಲೆ ತೀರಿಸಬೇಕು. ಮೇಲೆ ಹತ್ತು ಸೇರಿಸಿದ್ದಕ್ಕೆ ಕೆಳಗಿನ 1ಕ್ಕೆ ಒಂದು ಸೇರಿಸು, 2 ಆಯ್ತು. ನಾವು ಕಲಿತದ್ದು ಹೀಗೆ."

ಮಗಳು ದೊಡ್ಡವರ ಮಾತು ಮೀರುವವಳಲ್ಲ. ಅಪ್ಪ ಹೇಳಿದಂತೆ ಮೇಲಿನ 4ನ್ನು 3 ಮಾಡಿದಳು. ಅಜ್ಜ ಹೇಳಿದಂತೆ ಕೆಳಗಿನ 1ನ್ನು 2 ಮಾಡಿದಳು. 12ರಲ್ಲಿ 7 ಹೋದರೆ 5. 3ರಲ್ಲಿ 2 ಹೋದರೆ 1. ಉತ್ತರ 15. ಒಬ್ಬರ ಮನಸ್ಸೂ ನೋಯಿಸದೆ ಲೆಕ್ಕ ಮಾಡಿದರೆ ಹೀಗೇ ಆಗುವುದು.

ಆಮೇಲೆ ಅಪ್ಪ ಮಗನ ವಾದ ಶುರುವಾಯಿತು. ಇಬ್ಬರೂ ಸರಿ, ಅದೇ ತಮಾಷೆ. ಯಜಮಾನರು 42ನ್ನೇ ಒಡೆದು 30 ಮತ್ತು 12 ಮಾಡುತ್ತಾರೆ. ಅಜ್ಜ ಮೇಲೂ ಕೆಳಗೂ ಹತ್ತು ಹತ್ತು ಸೇರಿಸುತ್ತಾರೆ. 42ರಿಂದ 17 ಹೋಗುವುದೂ ಒಂದೇ, 52ರಿಂದ 27 ಹೋಗುವುದೂ ಒಂದೇ. ಅಪ್ಪನಿಗೂ ಮಗನಿಗೂ ವಯಸ್ಸಿನ ಅಂತರ ಹತ್ತು ವರ್ಷ ಕಳೆದರೂ ಬದಲಾಗುತ್ತದೆಯೇ? ಹೆಚ್ಚಾಗುವುದು ವಾದ ಮಾತ್ರ. ಆದರೆ ಒಂದೇ ಸಂಜೆ ಒಂದೇ ಮಗುವಿನ ತಲೆಗೆ ಎರಡನ್ನೂ ಸುರಿಯಬಾರದು.

ಆ ಗದ್ದಲದಲ್ಲಿ ಮಗಳನ್ನು ಸುಮ್ನೆ ಕೇಳಿದೆ, "35 ಹೇಗೆ ಬಂತು ಹೇಳು?"

"2ರಲ್ಲಿ 7 ಹೋಗಲ್ಲ ಅಲ್ವಾ? ದೊಡ್ಡದರಲ್ಲಿ ಚಿಕ್ಕದು ಹೋಗುತ್ತೆ. ಅದಕ್ಕೆ 7ರಲ್ಲಿ 2 ಕಳೆದೆ."

ಅವಳದ್ದು ಬೇಕಾಬಿಟ್ಟಿ ಉತ್ತರವಾಗಿರಲಿಲ್ಲ, ಒಂದು ನಿಯಮವೇ ಇತ್ತು. ಕಳೆಯುವ ಲೆಕ್ಕ ಕಲಿಯುವ ಎಷ್ಟೋ ಮಕ್ಕಳು ಇದೇ ನಿಯಮ ಕಟ್ಟಿಕೊಳ್ಳುತ್ತವೆ. ಮಗು ಹೀಗೆ ತಪ್ಪುವುದು ಯೋಚನೆ ಮಾಡಿಯೇ. ನಾವು "ತಪ್ಪು" ಅಂತ ಕೂಗಿದಾಗ ಉತ್ತರದ ಜೊತೆ ಆ ಯೋಚನೆಯನ್ನೂ ಅಳಿಸಿ ಹಾಕುತ್ತೇವೆ.

ಅಷ್ಟರಲ್ಲಿ ತಮ್ಮ ಮೊಬೈಲ್ ತೆಗೆದು ಸ್ಟಾಪ್‌ವಾಚ್ ಒತ್ತಿದ. "ಲೆಕ್ಕ ಅಂದ್ರೆ ಸ್ಪೀಡ್ ಅಕ್ಕಾ. ಪುಟ್ಟಿ, ಹತ್ತು ಸೆಕೆಂಡ್!" ಮಗಳು ಲೆಕ್ಕ ಬಿಟ್ಟು ಮೊಬೈಲನ್ನೇ ನೋಡತೊಡಗಿದಳು. ಹತ್ತು ಸೆಕೆಂಡಿನಲ್ಲಿ ಅವಳು ಮುಗಿಸಿದ್ದು ಪೆನ್ಸಿಲ್ ತುದಿ ಕಚ್ಚುವ ಕೆಲಸ.

ಅವನಿಗೆ ಗಣಿತಜ್ಞೆ ಮರಿಯಮ್ ಮಿರ್ಜಾಖಾನಿ ವಿಷಯ ಹೇಳಿದೆ. 2014ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದವರು, ಆ ಪದಕ ಪಡೆದ ಮೊದಲ ಮಹಿಳೆ. ತನ್ನದು ನಿಧಾನ ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ನೆಲದ ಮೇಲೆ ದೊಡ್ಡ ಹಾಳೆ ಹಾಸಿ ಮತ್ತೆ ಮತ್ತೆ ಚಿತ್ರ ಬರೆಯುತ್ತಿದ್ದರಂತೆ. ಅಮ್ಮ ಪೇಂಟಿಂಗ್ ಮಾಡ್ತಿದ್ದಾಳೆ ಅಂತ ಅವರ ಪುಟ್ಟ ಮಗಳು ಅಂದುಕೊಂಡಿದ್ದಳು. ತಮ್ಮ ಎಲ್ಲವನ್ನೂ ಕೇಳಿ, "ಅವರಿಗೆ ಪರೀಕ್ಷೆ ಇರಲಿಲ್ಲ ಬಿಡು" ಅಂದ.

ಯಜಮಾನರದ್ದು ಇನ್ನೊಂದು ಕಾಟ. ಪಾಠ ಶುರುವಾಗುವ ಮೊದಲೇ "ನನಗೂ ಚಿಕ್ಕಂದಿನಲ್ಲಿ ಲೆಕ್ಕ ಅಂದ್ರೆ ಜ್ವರ ಬರ್ತಿತ್ತು" ಅಂತ ಹೆಮ್ಮೆಯಿಂದ ಹೇಳುವುದು. ಓದಲು ಬರುವುದಿಲ್ಲ ಅಂತ ಯಾರಾದರೂ ಹೀಗೆ ಹೆಮ್ಮೆ ಪಡುತ್ತಾರಾ? 2015ರಲ್ಲಿ ಅಮೆರಿಕದ ಸಂಶೋಧಕರು ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಲೆಕ್ಕಕ್ಕೆ ಹೆದರುವ ಅಪ್ಪ ಅಮ್ಮ ಮೇಲಿಂದ ಮೇಲೆ ಹೋಂವರ್ಕಿಗೆ ಕೂತರೆ ಮಕ್ಕಳು ಆ ವರ್ಷ ಕಲಿಯುವ ಲೆಕ್ಕ ಕಡಿಮೆ, ಭಯ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಇದನ್ನು ಓದಿ ಹೇಳಿದೆ. ಯಜಮಾನರ ಮುಖ ಅರಳಿತು. "ಹಾಗಾದ್ರೆ ನಾನು ಟೀವಿ ನೋಡೋದೇ ಮಗುವಿಗೆ ಒಳ್ಳೇದು!" ಅಧ್ಯಯನಗಳನ್ನು ಮನೆಯಲ್ಲಿ ಜೋರಾಗಿ ಓದಬಾರದು.

ಅವರನ್ನು ಹಾಗೆ ಬಿಡಲಿಲ್ಲ. ಹಾವು ಏಣಿ ಆಟ ಹಾಸಿ ನಾಲ್ವರನ್ನೂ ಕೂರಿಸಿದೆ. ಅಂಕಿ ಬರೆದ ಮನೆಗಳ ಮೇಲೆ ಕಾಯಿ ನಡೆಸುವ ಆಟದಿಂದ ಪುಟ್ಟ ಮಕ್ಕಳ ಅಂಕಿಜ್ಞಾನ ಸುಧಾರಿಸುತ್ತದೆ ಅಂತ ರಮಣಿ ಮತ್ತು ಸೀಗ್ಲರ್ ಎಂಬ ಇಬ್ಬರು ಸಂಶೋಧಕರು 2008ರಲ್ಲೇ ತೋರಿಸಿದ್ದಾರೆ. ಈ ಸಲ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಮಗಳ ಕಾಯಿ 17ರಲ್ಲಿತ್ತು, ಅಜ್ಜನದು 42ರಲ್ಲಿ. ಅಜ್ಜನನ್ನು ಹಿಡಿಯಲು ಎಷ್ಟು ಬೇಕು ಅಂತ ಅವಳೇ ಮನೆಗಳ ಮೇಲೆ ಬೆರಳು ಓಡಿಸಿದಳು. "20ಕ್ಕೆ ಹೋಗಕ್ಕೆ 3. ಅಲ್ಲಿಂದ 40ಕ್ಕೆ 20. ಆಮೇಲೆ 2. ಅಜ್ಜಾ, ನೀನು ಇನ್ನೂ 25 ದೂರ ಇದ್ದೀಯ!"

ಸಾಲ ತಗೊಳ್ಳಲಿಲ್ಲ, ತೀರಿಸಲಿಲ್ಲ. ಇದೇ ಹೋಂವರ್ಕಿನ ಲೆಕ್ಕ ಅಂತ ಹೇಳಲು ಯಜಮಾನರು ಬಾಯಿ ತೆರೆದರು. ಕಾಲು ಒತ್ತಿ ಸುಮ್ಮನಿರಿಸಿದೆ. ಅವಳಿಗೇ ಹೊಳೆಯಿತು. ಓಡಿ ಹೋಗಿ 15 ಅಳಿಸಿ 25 ಬರೆದು ಬಂದಳು. ಅಳಿಸಿದ ರಭಸಕ್ಕೆ ಹಾಳೆ ತೂತಾಗಿತ್ತು.

ವಾಪಸ್ ಬಂದವಳು ನೇರ ಮಾವನ ಮೊಬೈಲಿಗೆ ಕೈ ಹಾಕಿ ಸ್ಟಾಪ್‌ವಾಚ್ ಒತ್ತಿದಳು.

"ಮಾವಾ, ಏಳೆಂಟ್ಲಿ?"

"ಐವತ್ತ... ನಾಲ್ಕು!"

"ಹೇಗೆ ಬಂತು ಹೇಳು?" ಅಂದಳು ಮಗಳು, ನನ್ನ ದನಿಯಲ್ಲೇ.

ತಮ್ಮ ಇನ್ನೂ ಹೇಳುತ್ತಿದ್ದಾನೆ.